ಗಣಿಯ ಸವಕಳಿ ಮತ್ತು ಇದ್ದಿಲ ಚಿತ್ರ

ಲೆಕ್ಕಶಾಸ್ತ್ರದಲ್ಲಿ ಸವಕಳಿ ಪಾಠ ಓದಿದವರಿಗೆ ಒಂದು ಮಾತು ನೆನಪಿರುತ್ತದೆ: ಯಂತ್ರ, ಕಟ್ಟಡ, ಪೀಠೋಪಕರಣ ಸವೆಯುತ್ತವೆ, ಭೂಮಿ ಸವೆಯುವುದಿಲ್ಲ. ಆದರೆ ಗಣಿಗೆ ಈ ನಿಯಮ ನಡೆಯದು. ಅದು ಬರಿದಾಗುವ ಆಸ್ತಿ. ಉದಾಹರಣೆಗೆ, 10 ಲಕ್ಷ ರೂಪಾಯಿಗೆ ಕೊಂಡ ಗಣಿಯಲ್ಲಿ 1 ಲಕ್ಷ ಟನ್ ಕಲ್ಲಿದ್ದಲು ಇದೆ ಎಂದುಕೊಳ್ಳಿ. ಟನ್ನಿಗೆ 10 ರೂಪಾಯಿ ಆಯಿತು. ಈ ವರ್ಷ 8,000 ಟನ್ ತೆಗೆದರೆ ಸವಕಳಿ 80,000 ರೂಪಾಯಿ. ಕಲ್ಲಿದ್ದಲು ಮುಗಿದ ದಿನ ಖಾತೆಯೂ ಸೊನ್ನೆ. ನೆಲದಲ್ಲಿ ಉಳಿದ ಗುಂಡಿ ಮಾತ್ರ ಪಠ್ಯದ ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ಆ ಗುಂಡಿಯನ್ನೇ ಚಿತ್ರಿಸುವ ಕಲಾವಿದರೊಬ್ಬರಿದ್ದಾರೆ, ಪ್ರಭಾಕರ ಪಾಚಪುತೆ. 1986ರಲ್ಲಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಸಾಸ್ತಿಯಲ್ಲಿ ಹುಟ್ಟಿದವರು. ಮನೆಯವರು ತಲೆಮಾರುಗಳಿಂದ ಗಣಿಯಲ್ಲಿ ದುಡಿದವರು. ಇವರು ಖೈರಾಗಢ ಮತ್ತು ಬರೋಡದಲ್ಲಿ ಶಿಲ್ಪಕಲೆ ಕಲಿತರು. ಆದರೂ ಹೆಸರು ತಂದದ್ದು ಇದ್ದಿಲು. ಗೋಡೆಯ ತುಂಬ ಇದ್ದಿಲಿನಿಂದ ಬರೆಯುತ್ತಾರೆ; ಜೊತೆಗೆ ಶಿಲ್ಪ, ಶಬ್ದ, ಒಂದೊಂದೇ ಚಿತ್ರ ಜೋಡಿಸಿದ ಆನಿಮೇಷನ್. ಅಗೆದ ಬೆಟ್ಟ, ಅರ್ಧ ಮನುಷ್ಯ ಅರ್ಧ ಯಂತ್ರವಾದ ಕೂಲಿಗಳು, ಹೊಲ ಕಳೆದುಕೊಂಡ ರೈತರು ಅಲ್ಲಿ ಕಾಣುತ್ತಾರೆ. ಪ್ರದರ್ಶನ ಮುಗಿದ ಮೇಲೆ ಗೋಡೆಯ ಚಿತ್ರ ಉಳಿಯುವುದಿಲ್ಲ.

ಇಲ್ಲಿ ಒಂದು ಪದದ ವಿಷಯ. ನಮ್ಮ ಮನೆಯ ಉರ್ದುವಿನಲ್ಲಿ ಇದ್ದಿಲಿಗೂ ಕಲ್ಲಿದ್ದಲಿಗೂ 'ಕೋಯ್ಲಾ' ಒಂದೇ. ಕನ್ನಡ ಎರಡನ್ನೂ ಬೇರೆ ಇಟ್ಟಿದೆ, ಅದೇ ಸರಿ. ಗಾಳಿ ಕಡಿಮೆ ಮಾಡಿ ಕಟ್ಟಿಗೆ ಸುಟ್ಟರೆ ಇದ್ದಿಲು ಕೆಲವೇ ದಿನದಲ್ಲಿ ಸಿಗುತ್ತದೆ. ಚಂದ್ರಪುರದ ಕಲ್ಲಿದ್ದಲು 25 ಕೋಟಿ ವರ್ಷಕ್ಕೂ ಹಿಂದಿನ ಗಿಡಮರಗಳದ್ದು. ಇದ್ದಿಲಿಗೆ ಮತ್ತೆ ಮರ ನೆಡಬಹುದು. ಇನ್ನೊಂದಕ್ಕೆ ಮರುಖರೀದಿ ಇಲ್ಲ.

ಅವರ ಮೊದಲ ಏಕವ್ಯಕ್ತಿ ಪ್ರದರ್ಶನ 2012ರಲ್ಲಿ ಮುಂಬೈಯಲ್ಲಿ ನಡೆಯಿತು. ಅದರ ಹೆಸರಿನಲ್ಲಿ ಗಣಿಯೊಳಗಿನ ಕ್ಯಾನರಿ ಹಕ್ಕಿ ಇತ್ತು. ಹಿಂದೆ ಬ್ರಿಟನ್ನಿನ ಕಾರ್ಮಿಕರು ಈ ಪುಟ್ಟ ಹಕ್ಕಿಯನ್ನು ಪಂಜರದಲ್ಲಿ ಕೆಳಗೆ ಒಯ್ಯುತ್ತಿದ್ದರು. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮನುಷ್ಯನಿಗಿಂತ ಮೊದಲು ಹಕ್ಕಿ ಬೀಳುತ್ತಿತ್ತು, ಜನ ಓಡಿ ಹೊರಬರುತ್ತಿದ್ದರು. ಹಕ್ಕಿಯ ಬದಲು ಎಲೆಕ್ಟ್ರಾನಿಕ್ ಉಪಕರಣ ತರಲು ಅಲ್ಲಿ ತೀರ್ಮಾನಿಸಿದ್ದು 1986ರಲ್ಲಿ, ಪಾಚಪುತೆ ಹುಟ್ಟಿದ ವರ್ಷವೇ.

2021ರಲ್ಲಿ ಬ್ರಿಟನ್ನಿನ ವೇಲ್ಸ್ ನೀಡುವ ಆರ್ಟೆಸ್ ಮುಂಡಿ ಬಹುಮಾನವನ್ನು ಆ ಸಲದ ಆರೂ ಕಲಾವಿದರಿಗೆ ಹಂಚಿದರು. ಪಾಚಪುತೆ ಅವರಲ್ಲಿ ಒಬ್ಬರು. ಕಾರ್ಡಿಫ್ ಪ್ರದರ್ಶನಕ್ಕೆ ಅವರು ಕಾರ್ಮಿಕರ ಮೆರವಣಿಗೆಯ ಬ್ಯಾನರುಗಳಂಥ ಕ್ಯಾನ್ವಾಸ್‌ಗಳನ್ನು ಮಾಡಿದ್ದರು. ವೇಲ್ಸ್ ನೋಡುಗರಿಗೆ ಅದನ್ನು ವಿವರಿಸಬೇಕಿರಲಿಲ್ಲ. ದಕ್ಷಿಣ ವೇಲ್ಸ್‌ನ ಆಳದ ದೊಡ್ಡ ಗಣಿಗಳಲ್ಲಿ ಕೊನೆಯದಾದ ಟವರ್ ಕೋಲಿಯರಿ 2008ರಲ್ಲೇ ಮುಚ್ಚಿತ್ತು. ಚಂದ್ರಪುರದಲ್ಲಿ ಇನ್ನೂ ಅಗೆಯುತ್ತಿದ್ದಾರೆ.