ಡಬ್ಬಿ ಮೀನಿನ ಚೀಟಿಯನ್ನು ಓದಿದ್ದೀರಾ?

ಮಳೆಗಾಲದಲ್ಲಿ ಟ್ರಾಲಿಂಗ್ ನಿಷೇಧ ಬಂದು ಮೀನಿನ ಕ್ರಯ ಏರಿತೆಂದರೆ, ಕೊಲ್ಲಿಯಿಂದ ರಜೆಗೆ ಬಂದವರು ಕೊಟ್ಟುಹೋದ ಡಬ್ಬಿ ಮೀನು ನಮ್ಮ ತೋಟದ ಮನೆಗಳಲ್ಲಿ ಹೊರಬರುತ್ತದೆ. ಪೇಟೆಯ ಅಂಗಡಿಗಳಲ್ಲೂ ಈಗ ಅದು ಸಿಗುತ್ತದೆ. ಕಳೆದ ಮಳೆಗಾಲ ನಾವು ಕೊಂಡು ತಂದ ಒಂದು ಡಬ್ಬಿಯಲ್ಲಿ ತಾರೀಕಿನ ಮೇಲೆ ಇನ್ನೊಂದು ಚೀಟಿ ಅಂಟಿಸಿತ್ತು. ಉಗುರಿನಿಂದ ಕೆರೆದು ನೋಡಿದರೆ ಅಡಿಯಲ್ಲಿದ್ದ ತಾರೀಕು ಕಳೆದು ಐದು ತಿಂಗಳಾಗಿತ್ತು!

ಈ ವಂಚನೆ ಹೊಸತಲ್ಲ. ಅಮೆರಿಕದ ಮೇನ್ ಕರಾವಳಿಯಲ್ಲಿ ಮರಿ ಹೆರ್ರಿಂಗ್ ಮೀನನ್ನು ಹತ್ತಿಬೀಜದ ಎಣ್ಣೆಯಲ್ಲಿ ತುಂಬಿ, ಫ್ರೆಂಚ್ ಭಾಷೆಯ ಚೀಟಿ ಹಚ್ಚಿ, ಫ್ರಾನ್ಸಿನ ಸಾರ್ಡೀನ್ ಎಂದು ಮಾರುತ್ತಿದ್ದ ಕಾಲವೊಂದಿತ್ತು. 1906ರಲ್ಲಿ ಅಲ್ಲಿ ಶುದ್ಧ ಆಹಾರದ ಕಾಯಿದೆ ಬಂತು. ಅದು ಎರಡು ತಪ್ಪುಗಳನ್ನು ಬೇರೆ ಬೇರೆಯಾಗಿ ಗುರುತಿಸಿತು. ಚೀಟಿ ಸುಳ್ಳಾದರೆ ಒಂದು ಅಪರಾಧ. ಒಳಗಿನ ಪದಾರ್ಥ ಕೊಳೆತದ್ದಾದರೆ, ಅದಕ್ಕೆ ಬೇರೇನೂ ಬೆರೆಸದಿದ್ದರೂ, ಅದು ಕಲಬೆರಕೆಯೇ. ಅಲ್ಲಿನ ಕ್ರಮವೂ ವಿಚಿತ್ರ. ಸರಕಾರ ಸರಕನ್ನೇ ಪ್ರತಿವಾದಿಯನ್ನಾಗಿ ಮಾಡಿ ಮೊಕದ್ದಮೆ ಹೂಡುತ್ತದೆ. ‘ಸರಕಾರ ವಿರುದ್ಧ ಇಂತಿಷ್ಟು ಪೆಟ್ಟಿಗೆ ಸಾಲ್ಮನ್’ ಎಂದೇ ದಾವೆಯ ಹೆಸರು! ವಾರಸುದಾರ ಬಂದು ವಾದಿಸದಿದ್ದರೆ ಸರಕು ಮುಟ್ಟುಗೋಲು. ತೀರ್ಪುಗಳನ್ನು ಸರಕಾರ ಅಚ್ಚು ಹಾಕಿಸಿ ಪ್ರಕಟಿಸುತ್ತಿತ್ತು. ದಂಡಕ್ಕಿಂತ ಇದಕ್ಕೇ ವ್ಯಾಪಾರಿಗಳು ಹೆಚ್ಚು ಹೆದರಿರಬೇಕೆಂದು ನಮಗೆ ತೋರುತ್ತದೆ. ಮುಂದೆ ಸಿಗಡಿ ಡಬ್ಬಿಗಳ ಜಪ್ತಿ ಹೆಚ್ಚಿದಾಗ, 1934ರ ತಿದ್ದುಪಡಿಯ ಪ್ರಕಾರ ಕಾರ್ಖಾನೆಯವರು ತಾವೇ ಶುಲ್ಕ ಕಟ್ಟಿ ಸರಕಾರಿ ತನಿಖೆಗಾರರನ್ನು ಒಳಗೆ ಕರೆಸಿಕೊಳ್ಳುವಂತಾಯಿತು.

ಕೊಳೆತ ಮೀನಾದರೂ ಡಬ್ಬಿಯಲ್ಲಿ ಬೇಯಿಸಿದ ಮೇಲೆ ದೋಷ ಹೋಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಹೋಗುವುದಿಲ್ಲ. ಬಂಗುಡೆ, ಬೂತಾಯಿ, ಟ್ಯೂನಾ ಮೀನುಗಳು ಮಂಜುಗಡ್ಡೆ ಇಲ್ಲದೆ ಬಿಸಿಲಿಗೆ ಬಿದ್ದರೆ ಅವುಗಳಲ್ಲಿ ಹಿಸ್ಟಮಿನ್ ಎಂಬ ವಸ್ತು ಉಂಟಾಗುತ್ತದೆ. ರೋಗಾಣು ಶಾಖಕ್ಕೆ ಸತ್ತರೂ ಹಿಸ್ಟಮಿನ್ ಉಳಿಯುತ್ತದೆ. ತಿಂದ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪಾಗಿ, ಮೈ ತುರಿಸಿ, ತಲೆನೋವು, ವಾಂತಿ ಬರಬಹುದು. ‘ಮೀನು ಮೈಗೆ ಒಗ್ಗಲಿಲ್ಲ’ ಎಂದು ಸುಮ್ಮನಾಗುತ್ತೇವೆ. ತಪ್ಪು ಮೀನಿನದ್ದೆಂದು ತಿಳಿಯುವುದೇ ಇಲ್ಲ.

ಇದಕ್ಕಿಂತ ಭಯಂಕರವಾದದ್ದು ಬೊಟುಲಿಸಂ. 1982ರಲ್ಲಿ ಅಲಾಸ್ಕದಲ್ಲಿ ತುಂಬಿದ ಸಾಲ್ಮನ್ ತಿಂದು ಬೆಲ್ಜಿಯಂನಲ್ಲಿ ಒಬ್ಬರು ತೀರಿಕೊಂಡರು. ಯಂತ್ರದ ದೋಷದಿಂದ ಡಬ್ಬಿಯಲ್ಲಿ ಆಗಿದ್ದ ಸಣ್ಣದೊಂದು ತೂತೇ ಕಾರಣ. ಕೋಟಿಗಟ್ಟಲೆ ಡಬ್ಬಿಗಳನ್ನು ಹಿಂದಕ್ಕೆ ತರಿಸಬೇಕಾಯಿತು. ಈ ವಿಷಕ್ಕೆ ವಾಸನೆಯಿಲ್ಲ, ರುಚಿಯಿಲ್ಲ. ಆದುದರಿಂದ ಮುಚ್ಚಳ ಉಬ್ಬಿದ, ಅಂಚು ಜಜ್ಜಿದ, ತುಕ್ಕು ಹಿಡಿದು ಸೋರುವ, ತೆರೆಯುವಾಗ ಚಿಮ್ಮುವ ಡಬ್ಬಿಯಿಂದ ‘ಒಂದು ಚೂರು ತಿಂದು ನೋಡುವ’ ಎನ್ನಬೇಡಿ. ನಾಯಿ ಬೆಕ್ಕುಗಳಿಗೂ ಹಾಕಬೇಡಿ.

ನಮ್ಮ ದೇಶದಲ್ಲಿ 1954ರ ಕಲಬೆರಕೆ ತಡೆ ಕಾಯಿದೆಯ ಜಾಗಕ್ಕೆ 2006ರ ಆಹಾರ ಸುರಕ್ಷತಾ ಕಾಯಿದೆ ಬಂದಿದೆ. ಸುಳ್ಳು ಚೀಟಿಗೆ ಮೂರು ಲಕ್ಷ ರೂಪಾಯಿ ತನಕ ದಂಡವಿದೆ. ಕೇರಳ ಸರಕಾರ 2018ರಲ್ಲಿ ‘ಆಪರೇಷನ್ ಸಾಗರ್ ರಾಣಿ’ ನಡೆಸಿ, ಫಾರ್ಮಾಲಿನ್ ಹಾಕಿದ ಮೀನನ್ನು ಚೆಕ್‌ಪೋಸ್ಟ್‌ಗಳಲ್ಲೇ ಹಿಡಿದದ್ದು ನಿಮಗೆ ನೆನಪಿರಬಹುದು. ಅದು ಹಸಿ ಮೀನಿನ ಮಾತಾಯಿತು. ಮೊಹರಾದ ಡಬ್ಬಿಯೊಳಗೆ ಇಣುಕಿ ನೋಡುವುದು ಅಷ್ಟು ಸುಲಭವಲ್ಲ.

ಕೊಂಡವರಿಗೂ ಕಾಯಿದೆಯಲ್ಲಿ ಒಂದು ಹಕ್ಕಿದೆ. ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ದೋಷ ಕಂಡುಬಂದರೆ ಆ ಶುಲ್ಕ ವಾಪಸು ಸಿಗುತ್ತದೆ. ಆದರೆ ಪರೀಕ್ಷೆಗೆ ಕೊಡುತ್ತೇವೆಂದು ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಿರಬೇಕು. ನಾವು ತಿಳಿಸಿರಲಿಲ್ಲ. ಬಿಲ್ಲನ್ನೂ ಕೇಳಿ ತಂದಿರಲಿಲ್ಲ. ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಬರೆಯುವ ದಾರಿ ಇನ್ನೂ ಉಳಿದಿತ್ತು. ಕೆರೆದ ಚೀಟಿಯೊಂದಿಗೆ ಡಬ್ಬಿಯನ್ನು ತೆರೆಯದೆ ಹಾಗೆಯೇ ಇಟ್ಟು, ಬ್ಯಾಚ್ ನಂಬರು, ಪರವಾನಿಗೆಯ ಹದಿನಾಲ್ಕು ಅಂಕೆಗಳು, ಅಂಗಡಿಯ ಹೆಸರು ಇಷ್ಟನ್ನೂ ಕಾಗದದಲ್ಲಿ ಬರೆದು ಕಳುಹಿಸಿದೆವು.