ಬೆರಳು ಕಳೆದುಕೊಂಡ ಕೈಗೆ ಏನು ಆಸರೆ?

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಲ್ಲಿ ಕಬ್ಬಿನ ಗಾಣಕ್ಕೋ ಮೇವು ಕತ್ತರಿಸುವ ಯಂತ್ರಕ್ಕೋ ಸಿಕ್ಕ ಕೈಗಳನ್ನು ನೋಡದ ವೈದ್ಯರು ಕಡಿಮೆ. ಇಂಥವರಲ್ಲಿ ಬಹಳಷ್ಟು ಜನರಿಗೆ ಇಡೀ ಕೈ ಹೋಗಿರುವುದಿಲ್ಲ. ಎರಡು ಬೆರಳೋ, ಹೆಬ್ಬೆರಳೋ, ಅರ್ಧ ಅಂಗೈಯೋ ಹೋಗಿರುತ್ತದೆ. ಗಾಯ ಮಾಯ್ದ ಮೇಲೆ ಅವರು ಕೇಳುವುದು ಒಂದೇ: "ಸಾಹೇಬ್ರ, ಕೃತಕ ಬೆರಳು ಹಾಕಿಸಿದ್ರ ಮೊದಲಿನಂಗ ಕೆಲಸಾ ಮಾಡಾಕ ಬರತೈತೇನ್ರಿ?"

ಮೊದಲಿಗೆ ಒಂದು ಎಚ್ಚರಿಕೆ. ಉಚಿತ ಶಿಬಿರಗಳಲ್ಲಿ ಕೊಡುವ ಕೃತಕ ಕೈ ಸಾಮಾನ್ಯವಾಗಿ ಮೊಣಕೈ ಕೆಳಗೆ ಕೈ ತುಂಡಾದವರಿಗೆ ಮಾಡಿದ್ದು. ಅಂಗೈ ಉಳಿದವರಿಗೆ ಅದು ಕೂರುವುದಿಲ್ಲ. ಕೂರಲೆಂದು ಉಳಿದ ಅಂಗೈಯನ್ನೂ ತೆಗೆಸಬೇಕೇ ಎಂದು ಒಬ್ಬರು ನನ್ನನ್ನು ಕೇಳಿದ್ದುಂಟು. ಖಂಡಿತ ಬೇಡ! ಸ್ಪರ್ಶಜ್ಞಾನವಿರುವ ಅರ್ಧ ಅಂಗೈ ಯಾವ ಯಂತ್ರಕ್ಕಿಂತಲೂ ಮೇಲು.

ಸಿಲಿಕೋನ್ ಬೆರಳು ಮೈಬಣ್ಣಕ್ಕೆ ಹೊಂದುತ್ತದೆ, ಉಗುರೂ ಇರುತ್ತದೆ. ಆದರೆ ತಾನಾಗಿ ಮಡಚುವುದಿಲ್ಲ. ಅರಿಸಿನದ ಕಲೆ ಹಿಡಿಯುತ್ತದೆ, ಒಲೆಯಿಂದ ದೂರ ಇಡಬೇಕು. ಮದುವೆ, ಜಾತ್ರೆಗಳಲ್ಲಿ ಸೆರಗಿನಡಿ ಕೈ ಮುಚ್ಚಿಕೊಳ್ಳುವ ತಾಯಂದಿರಿಗೆ ಇದು ಸಣ್ಣ ಉಪಕಾರವಲ್ಲ.

ಹೆಬ್ಬೆರಳು ಹೋದರೆ ಕೈಯ ಹಿಡಿತವೇ ಹೋಗುತ್ತದೆ. ಅಂಥವರಿಗೆ ಅಂಗೈಗೆ ಕಟ್ಟುವ ಗಟ್ಟಿ ಗೂಟದಂಥ ಸಾಧನವುಂಟು. ಉಳಿದ ಬೆರಳುಗಳು ಅದಕ್ಕೆ ಒತ್ತಿ ಕುಡುಗೋಲು, ಬಕೆಟ್ಟಿನ ಹಿಡಿಕೆ ಹಿಡಿಯುತ್ತವೆ. ನೋಡಲು ಚೆಂದವಿಲ್ಲ, ಒಕ್ಕಲುತನಕ್ಕೆ ಮಾತ್ರ ಇದೇ ಸರಿ. ಕಾಲ್ಬೆರಳನ್ನು ತೆಗೆದು ಹೆಬ್ಬೆರಳಿನ ಜಾಗಕ್ಕೆ ಜೋಡಿಸುವ ಶಸ್ತ್ರಚಿಕಿತ್ಸೆಯೂ ಇದೆ. ಅದರಲ್ಲಿ ಸ್ಪರ್ಶವೂ ಒಂದಿಷ್ಟು ಮರಳುತ್ತದೆ. ಮೋಟು ಬೆರಳು ಮಡಚಿದಂತೆ ಮಡಚುವ ಲೋಹದ ಬೆರಳು, ಬ್ಯಾಟರಿ ಬೆರಳುಗಳೂ ಬಂದಿವೆ. ಬ್ಯಾಟರಿಯದ್ದು ಬಲು ದುಬಾರಿ. ನೀರು, ಧೂಳು ಅದಕ್ಕೆ ಆಗಿಬರುವುದಿಲ್ಲ.

ತೋರುಬೆರಳು, ನಡುಬೆರಳು ಕಳೆದುಕೊಂಡ ಒಬ್ಬ ತಾಯಿಗೆ ರೊಟ್ಟಿ ಬಡಿಯುವುದೇ ಚಿಂತೆಯಾಗಿತ್ತು. ಬರಿಗೈಯಲ್ಲೇ ರೂಢಿ ಮಾಡಿಕೊಳ್ಳಿರೆಂದೆ. ಮೋಟು ಬೆರಳನ್ನು ದಿನವೂ ಮೊದಲು ಹತ್ತಿಯಿಂದ, ಆಮೇಲೆ ಒರಟು ಬಟ್ಟೆಯಿಂದ ಉಜ್ಜಿದರೆ ಮುಟ್ಟಿದಲ್ಲಿ ಜುಮ್ಮೆನ್ನುವುದು ಕಡಿಮೆಯಾಗುತ್ತದೆ. ಎರಡು ತಿಂಗಳಲ್ಲಿ ಆಕೆ ರೊಟ್ಟಿ ಬಡಿದರು. ಕೊಂಚ ದಪ್ಪವಂತೆ, ಅತ್ತೆಯ ತಕರಾರು!

ಕೇಂದ್ರ ಸರಕಾರದ ಅಡಿಪ್ ಯೋಜನೆಯಲ್ಲಿ ಸಾಧನ ಪಡೆಯಲು ಶೇ. 40ರಷ್ಟು ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ಒಂದೆರಡು ಬೆರಳು ಹೋದವರಿಗೆ ಅಷ್ಟು ಬರದೇ ಇರಬಹುದು. ಮೊದಲೇ ತಪಾಸಣೆ ಮಾಡಿಸಿಕೊಳ್ಳಿ.

ಗಾಣಕ್ಕೆ ಸಿಕ್ಕು ಜಜ್ಜಿದ ಬೆರಳು ಮತ್ತೆ ಕೂಡುವುದು ಅಪರೂಪ. ಮೇವಿನ ಯಂತ್ರದಲ್ಲಿ ನೇರವಾಗಿ ತುಂಡಾದದ್ದು ಕೂಡೀತು. ತುಂಡನ್ನು ಒದ್ದೆಯ ಶುಚಿ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ನೀರಿನಲ್ಲಿಡಿ. ಮಂಜುಗಡ್ಡೆ ನೇರವಾಗಿ ಬೆರಳಿಗೆ ತಾಗಬಾರದು. ಗಾಯಕ್ಕೆ ಅರಿಸಿನ, ಸುಣ್ಣ ಹಚ್ಚದೆ, ಶುಚಿ ಬಟ್ಟೆಯಿಂದ ಒತ್ತಿ ಹಿಡಿದು, ಬೆರಳು ಜೋಡಿಸುವ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ಕೂಡಲೇ ಹೊರಡಿ.