ಪುಟ್ಟಬಾಳೆಯೋ, ಪಚ್ಚಬಾಳೆಯೋ?

"ಡಾಕ್ಟರೇ, ನಾನು ಪಚ್ಚಬಾಳೆ ಮುಟ್ಟುವುದೇ ಇಲ್ಲ. ಊಟವಾದ ಮೇಲೆ ಪುಟ್ಟಬಾಳೆ ಮಾತ್ರ" ಎಂದರು ಆ ನಿವೃತ್ತ ಮೇಷ್ಟ್ರು. ಅವರಿಗೆ ಸಕ್ಕರೆ ಕಾಯಿಲೆ. ಊಟದ ನಂತರದ ಸಕ್ಕರೆ ಮೂರು ತಿಂಗಳಿಂದ ಇಳಿದಿರಲಿಲ್ಲ. ಮಾತ್ರೆ ಹೆಚ್ಚಿಸಲೆಂದು ಚೀಟಿ ಬರೆಯಲು ಕುಳಿತವನು, ಎಷ್ಟು ಹಣ್ಣು ಎಂದು ಕೇಳಿದೆ. "ಚಿಕ್ಕವು ತಾನೇ, ನಾಲ್ಕು!"

ಈ ಲೆಕ್ಕದಲ್ಲಿ ಎಡವುವವರು ಬಹಳ. ಏಲಕ್ಕಿ ಬಾಳೆ ಎಂದೂ ಕರೆಯುವ ಪುಟ್ಟಬಾಳೆಯಲ್ಲಿ ಸಿಪ್ಪೆ ತೆಗೆದರೆ ಸುಮಾರು 40-50 ಗ್ರಾಂ ತಿರುಳು ಸಿಗುತ್ತದೆ. ಸಾಧಾರಣ ಪಚ್ಚಬಾಳೆಯಲ್ಲಿ 100 ಗ್ರಾಂಗೂ ಹೆಚ್ಚು. ತೂಕಕ್ಕೆ ತೂಕ ನೋಡಿದರೆ ಎರಡರಲ್ಲೂ ಶರ್ಕರಪಿಷ್ಟ ಹೆಚ್ಚುಕಡಿಮೆ ಅಷ್ಟೇ: 100 ಗ್ರಾಂಗೆ 20ರಿಂದ 25 ಗ್ರಾಂ. ನಾಲ್ಕು ಪುಟ್ಟಬಾಳೆ ಎಂದರೆ ಒಂದೂವರೆ ಪಚ್ಚಬಾಳೆ ತಿಂದಂತೆ, ಅದೂ ಅನ್ನದ ಮೇಲೆ. ಮೇಷ್ಟ್ರು ಈಗ ಸಂಜೆ ಒಂದೇ ಹಣ್ಣು ತಿನ್ನುತ್ತಾರೆ. ಮಾತ್ರೆ ಹೆಚ್ಚಿಸುವ ಪ್ರಮೇಯ ಬರಲಿಲ್ಲ.

ಜಾತಿಗಿಂತ ಹಣ್ಣು ಎಷ್ಟು ಮಾಗಿದೆ ಎಂಬುದನ್ನು ಗಮನಿಸಿ. ಕಾಯಿಯಲ್ಲಿರುವ ಪಿಷ್ಟವೇ ಮಾಗುತ್ತ ಸಕ್ಕರೆಯಾಗುತ್ತದೆ. ಆದ್ದರಿಂದ ಕಪ್ಪು ಚುಕ್ಕೆ ಬಿದ್ದ ಹಣ್ಣು ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಪಚ್ಚಬಾಳೆಯ ಬಣ್ಣವನ್ನು ಮಾತ್ರ ನಂಬಬೇಡಿ. ನಮ್ಮ ಸೆಕೆಯಲ್ಲಿ ಅದು ಹಸಿರು ಸಿಪ್ಪೆಯೊಳಗೇ ಮಾಗಿಬಿಡುತ್ತದೆ. ಮೆಲ್ಲಗೆ ಒತ್ತಿ ನೋಡಿ.

ನೇಂದ್ರ ಬಾಳೆಯ ಮಾತು ಬೇರೆ. ತಿರುಳು ಗಟ್ಟಿ, ನೀರಿನಂಶ ಕಡಿಮೆ, ಶರ್ಕರಪಿಷ್ಟ ಹೆಚ್ಚು. ಬೇಯಿಸಿದ ಒಂದು ದೊಡ್ಡ ನೇಂದ್ರವನ್ನು ಹಣ್ಣೆನ್ನದೆ ತಿಂಡಿಯೆಂದೇ ಎಣಿಸಿ, ಅಂದು ಎರಡು ಇಡ್ಲಿ ಬಿಡಿ. ನಂಜನಗೂಡಿನ ರಸಬಾಳೆ (ಸೊರಗು ರೋಗಕ್ಕೆ ಸಿಕ್ಕಿ ಅದೀಗ ಅಪರೂಪ) ಅಥವಾ ಕಮಲಾಪುರದ ಕೆಂಪು ಬಾಳೆ ಕಂಡರೆ ರುಚಿಗಾಗಿ ಕೊಳ್ಳಿ. ಔಷಧಿಯೆಂದು ನಂಬಿ ಹೆಚ್ಚು ಬೆಲೆ ತೆರಬೇಡಿ.

ಪಚ್ಚಬಾಳೆ ತಿಂದರೆ ಮಗುವಿಗೆ ಶೀತವಾಗುತ್ತದೆ ಎನ್ನುವ ತಾಯಂದಿರು ವಾರಕ್ಕೊಬ್ಬರಾದರೂ ಬರುತ್ತಾರೆ. ನೆಗಡಿ ತರುವುದು ವೈರಸ್, ಬಾಳೆಯಲ್ಲ.

ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ಎಚ್ಚರದಿಂದಿರಬೇಕು. 100 ಗ್ರಾಂ ಬಾಳೆಹಣ್ಣಿನಲ್ಲಿ ಸುಮಾರು 350 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ದುರ್ಬಲ ಮೂತ್ರಪಿಂಡ ಅದನ್ನು ಹೊರಹಾಕಲಾರದೆ ಹೋದರೆ ಹೃದಯದ ಬಡಿತವೇ ತಪ್ಪಬಹುದು. ಇಂಥವರು ಪುಟ್ಟಬಾಳೆಯನ್ನಾದರೂ ತಮ್ಮ ವೈದ್ಯರನ್ನು ಕೇಳಿಯೇ ತಿನ್ನಲಿ.